ನಾಲ್ಕನೇ ದಿನ ಏರಿದ ನೋವು: ಅಂಕೋಲೆಯ ಒಂದು ಬುದ್ಧಿಹಲ್ಲಿನ ಪ್ರಕರಣ

ರೋಗಿ ನನ್ನ ತಮ್ಮ. ವಯಸ್ಸು 27. ಕಾರವಾರದ ಬೈತಖೋಲ ಬಂದರಿನಿಂದ ಹೊರಡುವ ಬೋಟಿನಲ್ಲಿ ಕೆಲಸ. ನಾನು ಅಂಕೋಲೆಯಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಹಲ್ಲುನೋವು ಅಂತ ಬರುವವರನ್ನು ದಿನಾ ನೋಡುತ್ತೇನೆ. ಬುದ್ಧಿಹಲ್ಲು ತೆಗೆಸಿಕೊಂಡು ಕೆನ್ನೆ ಊದಿಸಿಕೊಂಡು ಚೀಟಿ ಹಿಡಿದು ನಿಲ್ಲುವವರೂ ತಿಂಗಳಿಗೆ ನಾಲ್ಕೈದು ಜನ ಇರುತ್ತಾರೆ. ಅವರಿಗೆಲ್ಲ ಮಾತ್ರೆ ಕೊಟ್ಟು ಕಳಿಸಿದ್ದೇನೆ. ಆದರೆ ಆಮೇಲಿನ ಹತ್ತು ದಿನ ಮನೆಯಲ್ಲಿ ಹೇಗೆ ಹೋಗುತ್ತದೆ ಅಂತ ಹತ್ತಿರದಿಂದ ನೋಡಿದ್ದು ತಮ್ಮನ ಸರದಿ ಬಂದಾಗಲೇ. ನೋಡಿದ್ದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೆ. ಈ ಬರಹಕ್ಕೆ ಅದೇ ಆಧಾರ. ತಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಮೊದಲು ಹಲ್ಲಿನ ಕತೆ. ಬುದ್ಧಿಹಲ್ಲು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನೊಳಗೆ ಬರುತ್ತದೆ. ಅಷ್ಟೊತ್ತಿಗೆ ದವಡೆಯಲ್ಲಿ ಜಾಗ ಮುಗಿದಿರುತ್ತದೆ. ತಮ್ಮನ ಎಡಗಡೆ ಕೆಳಗಿನ ಹಲ್ಲು ಅರ್ಧ ಮೇಲೆ ಬಂದು ನಿಂತಿತ್ತು. ಉಳಿದರ್ಧದ ಮೇಲೆ ವಸಡಿನ ಒಂದು ಮುಚ್ಚಳ. ಆ ಮುಚ್ಚಳದ ಅಡಿ ಅನ್ನದ ಅಗುಳು, ಮೀನಿನ ಚೂರು ಹೊಕ್ಕು ಕೂರುತ್ತದೆ. ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ಮಾರ್ಚ್ ತಿಂಗಳಲ್ಲಿ ಸಮುದ್ರದ ಮೇಲಿದ್ದಾಗಲೇ ಅಲ್ಲಿ ಕೀವಾಯಿತು. ಬಾಯಿ ಒಂದು ಬೆರಳಿನಷ್ಟೂ ತೆರೆಯಲಿಲ್ಲ. ನುಂಗಲು ಕಷ್ಟ. ದಡ ಮುಟ್ಟುವವರೆಗೆ ಬೋಟಿನಲ್ಲಿ ಯಾರೋ ಕೊಟ್ಟ ಯಾವುದೋ ಮಾತ್ರೆ ನುಂಗಿಕೊಂಡು ದಿನ ತಳ್ಳಿದ. ಆ ಸಲ ಔಷಧಿಗೆ ಇಳಿಯಿತು. ಮೇ ತಿಂಗಳಲ್ಲಿ ಮತ್ತೆ ಬಂತು.

ಕಾರವಾರದ ದಂತವೈದ್ಯೆ ಓಪಿಜಿ ತೆಗೆಸಿದರು. ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇ ಅದು. ಹಲ್ಲು ಮುಂದಕ್ಕೆ ವಾಲಿ ಪಕ್ಕದ ದವಡೆ ಹಲ್ಲಿಗೆ ತಲೆ ಒತ್ತಿತ್ತು. ಆ ಪಕ್ಕದ ಹಲ್ಲೂ ಹುಳುಕಾಗಲು ಶುರುವಾಗಿತ್ತು. ಎರಡು ಸಲ ಕೀವು, ಮೇಲಿಂದ ಒಳ್ಳೆಯ ಹಲ್ಲಿಗೂ ಕುತ್ತು. ತೆಗೆಯಲೇಬೇಕು ಅಂದರು.

ಯಾವಾಗ ತೆಗೆಸುವುದು ಅನ್ನುವುದು ನಮಗೆ ದೊಡ್ಡ ಪ್ರಶ್ನೆ ಆಗಲಿಲ್ಲ. ಯಂತ್ರದ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯುವ ಹಾಗಿಲ್ಲ. ಬೋಟಿನವರು ಆಸ್ಪತ್ರೆ, ಮನೆ ರಿಪೇರಿ, ಬಲೆ ಕೆಲಸ ಎಲ್ಲವನ್ನೂ ಈ ಎರಡು ತಿಂಗಳಿಗೇ ಇಟ್ಟುಕೊಂಡಿರುತ್ತಾರೆ. ಜೂನ್ ಎರಡನೇ ವಾರದ ಒಂದು ಬುಧವಾರ ಗೊತ್ತಾಯಿತು. ಈ ನಿರ್ಧಾರ ಸರಿಯಾಗಿತ್ತು ಅಂತ ಈಗಲೂ ಅನ್ನುತ್ತೇನೆ. ಇಂಥ ಹಲ್ಲು ತೆಗೆಸಿದ ಮೇಲೆ ಒಂದು ವಾರವಾದರೂ ವೈದ್ಯರ ಕೈಗೆ ಸಿಗುವ ದೂರದಲ್ಲಿ ಇರಬೇಕು. ಬೋಟಿನಲ್ಲಿದ್ದಾಗ ಮುಂದೆ ಹೇಳುವ ಶನಿವಾರದ ರಾತ್ರಿ ಬಂದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಭಯವಾಗುತ್ತದೆ.

ಬುಧವಾರ ಬೆಳಿಗ್ಗೆ 11ಕ್ಕೆ ಕುರ್ಚಿಯಲ್ಲಿ ಕೂತ. ಹೊಟ್ಟೆ ತುಂಬಾ ತಿಂಡಿ ತಿಂದೇ ಬನ್ನಿ ಅಂದಿದ್ದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ವಸಡು ಬಿಡಿಸಿ, ಸುತ್ತಲಿನ ಮೂಳೆ ಸ್ವಲ್ಪ ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದರು. ಮೂರು ಹೊಲಿಗೆ ಬಿತ್ತು. ಮುಕ್ಕಾಲು ಗಂಟೆ ಹಿಡಿಯಿತು. ನೋವಾಗಲಿಲ್ಲ, ತಳ್ಳುವುದು ಎಳೆಯುವುದು ಗೊತ್ತಾಗುತ್ತಿತ್ತು ಅಂದ. ಗಾಜ್ ಬಟ್ಟೆಯ ಉಂಡೆ ಕಚ್ಚಿಸಿ, ಒಂದು ಗಂಟೆ ಬಿಡಬೇಡಿ ಅಂತ ಹೇಳಿ, ಒಂದು ಅಚ್ಚಾದ ಹಾಳೆ ಕೈಗಿಟ್ಟರು. ಈ ಹಾಳೆಯನ್ನು ನೆನಪಿಡಿ. ಪ್ರಕರಣ ತಿರುಗಿದ್ದು ಅದರಲ್ಲಿ ಇಲ್ಲದ ಒಂದು ಪದದಿಂದ.

ಅದರಲ್ಲಿ ಇದ್ದದ್ದೆಲ್ಲ ಸರಿಯಾಗಿಯೇ ಇತ್ತು. ಈ ದಿನ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ. ಸ್ಟ್ರಾದಲ್ಲಿ ಹೀರಬೇಡಿ. ಬಿಸಿ ಬೇಡ, ಖಾರ ಬೇಡ. ಮದ್ಯ ಬೇಡ. ಧೂಮಪಾನ ಬೇಡ. ಬಗ್ಗಿ ಭಾರ ಎತ್ತಬೇಡಿ. ಇಷ್ಟೂ ಬೇಡಗಳಿಗೆ ಇರುವ ಕಾರಣ ಒಂದೇ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಗಾಯದ ಮೇಲೆ ಕೂತ ಮುಚ್ಚಳ ಇದ್ದ ಹಾಗೆ. ಅದರ ಅಡಿಯಲ್ಲಿ ಮೂಳೆ ಇದೆ, ನರದ ತುದಿಗಳಿವೆ. ಹೊಸ ಮಾಂಸ ಬೆಳೆಯುವುದೂ ಅದೇ ಹೆಪ್ಪಿನ ಮೇಲೆ. ಹೀರಿದರೆ, ಜೋರಾಗಿ ಉಗುಳಿದರೆ ಅದು ಎದ್ದು ಬರಬಹುದು. ಹಾಳೆಯಲ್ಲಿ ಈ ಕಾರಣ ಬರೆದಿರಲಿಲ್ಲ. ಕಾರಣ ಗೊತ್ತಿದ್ದರೆ ಜನ ಪಥ್ಯವನ್ನು ತಾವೇ ಯೋಚಿಸಿ ಮಾಡುತ್ತಾರೆ. ಇದು ನನ್ನ ಗಟ್ಟಿ ನಂಬಿಕೆ.

ಬರೆದುಕೊಟ್ಟ ಔಷಧಿ: ಐಬುಪ್ರೊಫೆನ್ 400 ಮಿಲಿಗ್ರಾಂ ದಿನಕ್ಕೆ ಮೂರು ಸಲ ಊಟದ ಮೇಲೆ, ಜೊತೆಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಮೂರು ಸಲ. ಹಿಂದೆ ಎರಡು ಸಲ ಕೀವಾಗಿದ್ದರಿಂದ ಐದು ದಿನಕ್ಕೆ ಆಂಟಿಬಯಾಟಿಕ್. ಮರುದಿನದಿಂದ ಕ್ಲೋರ್‌ಹೆಕ್ಸಿಡಿನ್ ಬಾಯಿ ತೊಳೆಯುವ ನೀರು.

ನೋವಿನ ಮಾತ್ರೆ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಜನಕ್ಕೆ 'ಜೋರು ಮಾತ್ರೆ' ಬೇಕು. ಸಾದಾ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನೋಡಿದರೆ 'ಇದೇನು ಜ್ವರದ ಮಾತ್ರೆ' ಅಂತ ಮುಖ ಸಣ್ಣ ಮಾಡುತ್ತಾರೆ. ಆದರೆ ಬುದ್ಧಿಹಲ್ಲಿನ ನೋವಿನ ಮೇಲೆ ಈ ಎರಡು ಔಷಧಿಗಳಷ್ಟು ಪರೀಕ್ಷೆಯಾದವು ಕಡಿಮೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಪರಿಶೀಲನೆಯೊಂದು 2013ರಲ್ಲಿ ಬಂತು. ಅದು ಕೆಳಗಿನ ಬುದ್ಧಿಹಲ್ಲು ತೆಗೆದ ಮೇಲಿನ ನೋವನ್ನೇ ನೋಡಿತು. ಪ್ಯಾರಾಸಿಟಮಾಲ್‌ಗಿಂತ ಐಬುಪ್ರೊಫೆನ್ ಮೇಲು, ಎರಡೂ ಸೇರಿದರೆ ಇನ್ನೂ ಮೇಲು ಅನ್ನುವುದು ಅದರ ಸಾರ. ಅಮೆರಿಕದ ದಂತವೈದ್ಯರ ಸಂಘವೂ 2024ರ ಸಲಹೆಯಲ್ಲಿ ಅಫೀಮಿನ ಜಾತಿಯ ಮಾತ್ರೆಗಳಿಗಿಂತ ಮೊದಲು ಇವನ್ನೇ ಕೊಡಿ ಅಂದಿದೆ. ಐಬುಪ್ರೊಫೆನ್ ಗಾಯದ ಜಾಗದಲ್ಲಿ ಉರಿ, ಊತ ತಗ್ಗಿಸುತ್ತದೆ. ಪ್ಯಾರಾಸಿಟಮಾಲ್ ಹೆಚ್ಚಾಗಿ ಮಿದುಳಿನ ಕಡೆಯಿಂದ ನೋವು ಇಳಿಸುತ್ತದೆ. ದಾರಿ ಬೇರೆ ಬೇರೆ. ಅದಕ್ಕೇ ಒಟ್ಟಿಗೆ ಕೊಡಬಹುದು.

ಇದು ಎಲ್ಲರಿಗೂ ಅಲ್ಲ. ಹೊಟ್ಟೆ ಹುಣ್ಣು ಇದ್ದವರು, ಕಿಡ್ನಿ ತೊಂದರೆ ಇದ್ದವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ನೋವಿನ ಮಾತ್ರೆಗೆ ಉಬ್ಬಸ ಬರುವವರು, ಬಸುರಿಯರು ಐಬುಪ್ರೊಫೆನ್ ಮುಟ್ಟುವ ಮೊದಲು ವೈದ್ಯರಿಗೆ ಹೇಳಲೇಬೇಕು. ತಮ್ಮನಿಗೆ ಇವು ಯಾವುದೂ ಇರಲಿಲ್ಲ.

ಮಧ್ಯಾಹ್ನ 1 ಗಂಟೆಗೆ, ಬಾಯಿ ಇನ್ನೂ ಮರಗಟ್ಟಿದ್ದಾಗಲೇ ಮೊದಲ ಮಾತ್ರೆ ಕೊಟ್ಟೆ. ತಣ್ಣಗಿನ ಮಜ್ಜಿಗೆ ಕುಡಿಸಿ ಕೊಟ್ಟೆ. 'ಈಗ ನೋವೇ ಇಲ್ವಲ್ಲ ಅಕ್ಕಾ' ಅಂದ. ನೋವು ಇಲ್ಲದಾಗಲೇ ತಗೊಳ್ಳಬೇಕು. ಮಾತ್ರೆ ಕೆಲಸ ಶುರು ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಇಂಜೆಕ್ಷನ್ ಇಳಿಯುವ ಹೊತ್ತಿಗೆ ಮಾತ್ರೆ ಏರಿರಬೇಕು. ಅಲ್ಲಿಂದ ಬಸ್ಸಿಗೆ ಕೂತು ಮಳೆಯಲ್ಲಿ ಅಂಕೋಲೆಗೆ ಬಂದೆವು. ದಾರಿಯುದ್ದಕ್ಕೂ ಅವನು ತುಟಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಸಂಜೆ 4ರ ಹೊತ್ತಿಗೆ ಜೋಮು ಇಳಿಯಿತು.

ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹೇಳು ಅಂತ ಅವನಿಗೆ ಮೊದಲೇ ಹೇಳಿಟ್ಟಿದ್ದೆ. ಬುಧವಾರ ಸಂಜೆ ಅಂಕ 4. ರಾತ್ರಿ 9ಕ್ಕೆ ಮಾತ್ರೆ ಆದ ಮೇಲೆ 3. ಬೆಳಗಿನ ಜಾವ 3 ಗಂಟೆಗೆ ಎದ್ದು ಕೂತಾಗ 7. ಸಂಜೆಯೇ ಕೊಡಬೇಕಿದ್ದ ಮಾತ್ರೆಯನ್ನು 'ಆರಾಮಿದ್ದೇನೆ' ಅಂತ ಮುಂದೂಡಿದ್ದರ ಫಲ ಅದು. ಮೊದಲ ಎರಡು ದಿನ ಗಡಿಯಾರ ನೋಡಿ ಮಾತ್ರೆ ಕೊಡಬೇಕು, ಮುಖ ನೋಡಿ ಅಲ್ಲ.

ಆ ರಾತ್ರಿ ಇನ್ನೆರಡು ಗಾಬರಿ ಆದವು. ದಿಂಬಿನ ಮೇಲೆ ಕೆಂಪು ನೋಡಿ ಆಯಿ (ಅಮ್ಮ) ಹೆದರಿದರು. ಒಂದು ಹನಿ ರಕ್ತ ಎರಡು ಚಮಚ ಜೊಲ್ಲಿನಲ್ಲಿ ಕಲೆತರೂ ಪೂರ್ತಿ ಕೆಂಪಾಗಿ ಕಾಣುತ್ತದೆ. ಮೊದಲ ದಿನ ಅಷ್ಟು ಇದ್ದೇ ಇರುತ್ತದೆ. ಬಾಯಿ ತುಂಬಾ ರಕ್ತ ಬರುತ್ತಲೇ ಇದ್ದರೆ ಮಾತ್ರ ಹೊಸ ಗಾಜ್ ಮಡಚಿ ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಬೇಕು. ಅದಕ್ಕೂ ನಿಲ್ಲದಿದ್ದರೆ ವೈದ್ಯರ ಹತ್ತಿರ ಹೊರಡಬೇಕು. ಎರಡು ದಿಂಬು ಇಟ್ಟು ತಲೆ ಎತ್ತರ ಮಾಡಿ ಮಲಗಿಸಿದೆವು. ರಕ್ತ ತಾನೇ ನಿಂತಿತು.

ಇನ್ನೊಂದು ಗಾಬರಿ ಮಾತ್ರೆಯದು. ಅವನ ನರಳಾಟ ಕೇಳಲಾರದೆ ಆಯಿ ತಮ್ಮ ಡಬ್ಬಿಯಿಂದ ಡೋಲೋ 650 ತೆಗೆದು ಕೊಡಲು ಹೊರಟಿದ್ದರು. ಪಕ್ಕದ ಮನೆಯವರು ಕಾಂಬಿಫ್ಲಾಮ್ ಕಳಿಸಿದ್ದರು. ಎರಡೂ ಪ್ರೀತಿಯಿಂದಲೇ ಬಂದದ್ದು. ಆದರೆ ಡೋಲೋ ಅಂದರೆ ಪ್ಯಾರಾಸಿಟಮಾಲ್. ಕಾಂಬಿಫ್ಲಾಮ್ ಅಂದರೆ ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325. ಅವನ ಚೀಟಿಯಲ್ಲಿ ಇದ್ದದ್ದೂ ಅವೇ. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಮದ್ದು ಒಂದೇ. ಗಟ್ಟಿಮುಟ್ಟಾದ ದೊಡ್ಡವರಿಗೂ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ದಾಟಬಾರದು. ದಾಟಿದರೆ ಪೆಟ್ಟು ಬೀಳುವುದು ಲಿವರಿಗೆ. ಕುಡಿಯುವವರಿಗೆ ಇನ್ನೂ ಕಡಿಮೆ ಸಾಕು. ಅಂಗಡಿಯಲ್ಲಿ ನಾನು ಅತಿ ಹೆಚ್ಚು ಸಲ ಹೇಳುವ ಮಾತು ಇದೇ: ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ. ಓದಲು ಬರದಿದ್ದರೆ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ ತಂದು ತೋರಿಸಿ, ನಾವು ಓದಿ ಹೇಳುತ್ತೇವೆ.

ಮೊದಲ ದಿನ ಐಸ್ ಇಡಬೇಕು. 15 ನಿಮಿಷ ಇಟ್ಟು 15 ನಿಮಿಷ ಬಿಡುವುದು, ಕೆನ್ನೆಯ ಹೊರಗಿನಿಂದ. ಜೂನಿನ ಗಾಳಿಮಳೆಗೆ ಸಂಜೆಯೇ ಕರೆಂಟ್ ಹೋಯಿತು. ಫ್ರಿಜ್ಜಿನ ಐಸ್ ಕರಗಿತು. ದೊಡ್ಡ ಬೋಟು ನಿಂತರೂ ಸಣ್ಣ ದೋಣಿಯ ಮೀನು ಬರುತ್ತಿತ್ತು. ಹಾಗಾಗಿ ಮೀನು ಮಾರುವ ಅಕ್ಕ ತಮ್ಮ ಪೆಟ್ಟಿಗೆಯಿಂದ ಐಸ್ ಕೊಟ್ಟರು. ಅದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ಟವೆಲ್ ಸುತ್ತಿ ಹೊರಗಿನಿಂದ ಮಾತ್ರ ಹಿಡಿದೆವು. ಮೀನಿನ ಐಸು ಬಾಯಿಗೆ ತಾಗಬಾರದು.

ಗುರುವಾರ ಅಂಕ 5ರ ಸುತ್ತ ಇತ್ತು. ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ತೊಳೆಯುವುದು ಶುರುವಾಯಿತು. ಗುಳುಗುಳು ಅಂತ ಮುಕ್ಕಳಿಸುವುದಲ್ಲ. ನೀರು ಬಾಯಲ್ಲಿಟ್ಟುಕೊಂಡು ತಲೆ ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಿ, ಬಾಯಿ ತೆರೆದು ನೀರು ತಾನೇ ಬೀಳಲು ಬಿಡುವುದು.

ಊಟ ನಮಗೆ ಕಷ್ಟವಾಗಲಿಲ್ಲ. ಕುಚ್ಚಲಕ್ಕಿ ಗಂಜಿಯ ಊರಲ್ಲಿ ಹುಟ್ಟಿದವರಿಗೆ ಪಥ್ಯ ಹೊಸದೇನಲ್ಲ ಅಲ್ವಾ. ಆದರೆ ಗಂಜಿಯನ್ನು ಕೈಗೆ ಬೆಚ್ಚಗೆ ಅನ್ನಿಸುವಷ್ಟು ಆರಿಸಿ, ಅಗುಳು ನುರಿದು ಕೊಟ್ಟೆವು. ಒಂದೆಲಗದ ತಂಬುಳಿ ಮೆಣಸು ಹಾಕದೆ. ಎಳನೀರು ಲೋಟದಲ್ಲಿ. ಮೆತ್ತಗೆ ಬೇಯಿಸಿದ ಮೊಟ್ಟೆ. ಸೀಸನ್ ಮುಗಿಯುವ ಹೊತ್ತಿನ ನಾಲ್ಕು ಕರಿ ಇಶಾಡು ಮಾವಿನಹಣ್ಣು ಮನೆಯಲ್ಲಿತ್ತು, ರಸ ಹಿಂಡಿ ಚಮಚದಲ್ಲಿ ಕೊಟ್ಟೆವು. ಮಳೆಗಾಲದ ಒಣಮೀನಿನ ಪರಿಮಳಕ್ಕೆ ಅವನ ಜೀವ ಹೋಗುತ್ತಿತ್ತು. ಅದನ್ನು ಮಾತ್ರ ಆಯಿ ಅಟ್ಟಕ್ಕೇ ಏರಿಸಿಬಿಟ್ಟರು.

ಶುಕ್ರವಾರ ಕೆನ್ನೆ ಊದಿ ಬನ್ನಿನ ಹಾಗಾಯಿತು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ನೋಡಲು ಬಂದವರೆಲ್ಲ 'ಅಯ್ಯೋ ಜಾಸ್ತಿ ಆಯ್ತಲ್ಲ' ಅಂದರು. ಊತ ಏರುವುದೇ ಎರಡು ಮೂರು ದಿನದವರೆಗೆ, ಆಮೇಲೆ ಇಳಿಯುತ್ತದೆ. ಅಂಕ 4ಕ್ಕೆ ಬಂದಿತ್ತು. ಊತ ಏರುತ್ತಿದ್ದರೂ ನೋವು ಇಳಿಯುತ್ತಿದೆ ಅಂದರೆ ದಾರಿ ಸರಿ ಇದೆ ಅಂತ ಅರ್ಥ. ಐಸ್ ಬಿಟ್ಟು ಬಿಸಿನೀರಿನ ಬಟ್ಟೆ ಹಿಂಡಿ ಕೆನ್ನೆಗೆ ಇಡಲು ಶುರುಮಾಡಿದೆವು. ಬಿಗಿದ ದವಡೆಗೆ ಅದು ಹಿತ.

ಶನಿವಾರ ಬೆಳಿಗ್ಗೆ ಅಂಕ 3. ಜಗಲಿಯಲ್ಲಿ ಕೂತು ಬಲೆ ಬಿಡಿಸುತ್ತಿದ್ದ. ನನಗೆ ಸಮಾಧಾನವಾಗಿ ಅಂಗಡಿಗೆ ಹೋದೆ.

ಸಂಜೆ ಬಂದಾಗ ಅವನು ಕಿವಿಗೆ ಕೈ ಹಿಡಿದುಕೊಂಡು ಮೂಲೆಯಲ್ಲಿ ಕೂತಿದ್ದ. ಅಂಕ 6. ರಾತ್ರಿ 10ಕ್ಕೆ, ಮಾತ್ರೆ ತಗೊಂಡು ಎರಡು ಗಂಟೆ ಆದ ಮೇಲೆ 8. 'ಅಕ್ಕಾ, ಇದು ಬೇರೆ ತರ ನೋವು. ಹಲ್ಲಿಂದ ಕಿವಿಗೆ ಕಂಬಿ ತೂರಿದ ಹಾಗೆ' ಅಂದ. ಬಾಯಲ್ಲಿ ಕೆಟ್ಟ ರುಚಿ, ಕೆಟ್ಟ ವಾಸನೆ. ಜ್ವರ ಇರಲಿಲ್ಲ. ಊತ ಬೆಳಗ್ಗಿಗಿಂತ ಇಳಿದೇ ಇತ್ತು.

ಇಲ್ಲಿ ನಾನು ತಪ್ಪು ಮಾಡಿದೆ. ಅಂಗಡಿಯ ಬೀಗ ತೆಗೆದು ಕಪಾಟಿನ ಮುಂದೆ ನಿಂತೆ. ಕೆಟೊರೊಲ್ಯಾಕ್ ಕೈಗೆ ತಗೊಂಡೆ. ಐಬುಪ್ರೊಫೆನ್ ಹೊಟ್ಟೆಯಲ್ಲಿದ್ದಾಗ ಅದೇ ಜಾತಿಯ ಇನ್ನೊಂದು ಮಾತ್ರೆ ಸೇರಿಸಿದರೆ ನೋವು ಅಷ್ಟೇನೂ ಇಳಿಯುವುದಿಲ್ಲ, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಮಾತ್ರ ಏರುತ್ತದೆ. ಗೊತ್ತಿದ್ದೂ ಕೈ ಹೋಯಿತು. ಒಡಹುಟ್ಟಿದವನ ನೋವು ಹಾಗೆ ಮಾಡಿಸುತ್ತದೆ. ವಾಪಸ್ ಇಟ್ಟೆ, ನಿಜ. ಆದರೆ ವೈದ್ಯೆಗೆ ಫೋನ್ ಮಾಡಲಿಲ್ಲ. ರಾತ್ರಿಯಾಯಿತು, ನಾಳೆ ಭಾನುವಾರ, ಸೋಮವಾರ ಹೋದರಾಯಿತು, ಸಹಿಸ್ಕೋ ಅಂದೆ. ಅವನು ಇಡೀ ರಾತ್ರಿ ಗೋಡೆಗೆ ತಲೆ ಆನಿಸಿ ಕೂತಿದ್ದ. ಆ ಒಂದು ರಾತ್ರಿ ಅವನಿಗೆ ಬೇಕಿರಲಿಲ್ಲ. ಅದಕ್ಕೆ ನಾನೇ ಹೊಣೆ.

ಬೆಳಿಗ್ಗೆ 7ಕ್ಕೆ ಫೋನ್ ಮಾಡಿದೆ. ನೋವು ಇಳಿದು ಮತ್ತೆ ಏರಿತಾ ಅಂತ ಮೊದಲು ಕೇಳಿದರು. ಕಿವಿಗೆ ಹೋಗುತ್ತಾ, ವಾಸನೆ ಇದೆಯಾ ಅಂತ ಆಮೇಲೆ. 'ಈಗಲೇ ಹೊರಡಿ, ಬಾಗಿಲು ತೆಗೆದಿರ್ತೇನೆ' ಅಂದರು.

ಕುರ್ಚಿಯಲ್ಲಿ ಕೂರಿಸಿ ಲೈಟು ಹಾಕಿ ನನ್ನನ್ನೂ ಕರೆದು ತೋರಿಸಿದರು. ಗುಳಿ ಖಾಲಿ ಇತ್ತು. ಕಪ್ಪು ಕೆಂಪು ಹೆಪ್ಪು ಇರಬೇಕಾದ ಕಡೆ ಬೂದು ಬಿಳಿ ಮೂಳೆ ಕಾಣುತ್ತಿತ್ತು. ಡ್ರೈ ಸಾಕೆಟ್ ಅಂದರೆ ಇದು. ಹೆಪ್ಪು ಎದ್ದು ಹೋಗಿ ಅಥವಾ ಬೇಗ ಕರಗಿ, ಮೂಳೆ ಬರಿದಾಗಿ ಗಾಳಿಗೆ, ಜೊಲ್ಲಿಗೆ ತೆರೆದುಕೊಂಡ ಸ್ಥಿತಿ. ಸಾಮಾನ್ಯವಾಗಿ ಹಲ್ಲು ತೆಗೆದ ಮೂರು ನಾಲ್ಕು ದಿನದೊಳಗೆ ಶುರುವಾಗುತ್ತದೆ. ಕೆಳಗಿನ ಬುದ್ಧಿಹಲ್ಲಿಗೇ ಹೆಚ್ಚು.

'ಬೀಡಿ ಸಿಗರೇಟು ಸೇದಿದ್ರಾ?' ಅಂತ ಕೇಳಿದರು.

'ಇಲ್ಲ ಮೇಡಂ. ನಂಗೆ ಆ ಅಭ್ಯಾಸವೇ ಇಲ್ಲ.'

'ಕವಳ?'

ತಮ್ಮ ಸುಮ್ಮನಾದ. ಆಮೇಲೆ ಹೇಳಿದ. ಶುಕ್ರವಾರ ಸಂಜೆ ಬೋಟಿನ ಗೆಳೆಯರು ನೋಡಲು ಬಂದಿದ್ದರು. ಜಗಲಿಯಲ್ಲಿ ಕವಳದ, ಅಂದರೆ ಎಲೆಯಡಿಕೆಯ ತಟ್ಟೆ ಇತ್ತು. ಬಲಗಡೆ ಅಗಿದರೆ ಏನಾಗುತ್ತೆ ಅಂತ ಅರ್ಧ ಎಲೆ, ಚೂರು ಅಡಿಕೆ, ಸುಣ್ಣ, ಒಂದೆಸಳು ತಂಬಾಕು. ಎರಡು ಸಲ ಹಾಕಿದ್ದ. ಹಾಕಿದಷ್ಟೂ ಸಲ ಅಂಗಳಕ್ಕೆ ಉಗುಳಿದ್ದ.

'ಹಾಳೆಯಲ್ಲಿ ಧೂಮಪಾನ ಅಂತ ಇತ್ತು ಮೇಡಂ. ಕವಳ ಅಂತ ಇರಲಿಲ್ಲ' ಅಂದ.

ಅವನು ನೆಪ ಹೇಳುತ್ತಿರಲಿಲ್ಲ. ಪೂರ್ತಿ ಓದಿದ್ದ. ಒಂದೊಂದು ಸಾಲನ್ನೂ ಪಾಲಿಸಿದ್ದ. ಧೂಮಪಾನ ಅನ್ನುವುದು ಅವನ ಬದುಕಿನಲ್ಲಿ ಇಲ್ಲದ ಪದ. ಉಗುಳಬೇಡಿ ಅಂತ ಇದ್ದದ್ದು ಮೊದಲ ದಿನಕ್ಕೆ. ನಮ್ಮ ಜಿಲ್ಲೆಯಲ್ಲಿ ಕವಳವನ್ನು ಯಾರೂ ಚಟ ಅಂತ ಎಣಿಸುವುದಿಲ್ಲ. ಶಿರಸಿಯ ತೋಟದ ಮನೆಗೆ ಹೋದರೂ, ಕಾರವಾರದ ಬಂದರಿಗೆ ಹೋದರೂ ಬಂದವರಿಗೆ ನೀರು ಕೊಟ್ಟ ಮೇಲೆ ತಟ್ಟೆ ಮುಂದೆ ಬರುತ್ತದೆ. ಬೇಡ ಅಂದರೆ ಮರ್ಯಾದೆಯ ಪ್ರಶ್ನೆ. ಹೀಗಿರುವಾಗ ಎಲ್ಲಿಯೋ ಅಚ್ಚಾದ ಹಾಳೆ ಸಿಗರೇಟಿನ ಬಗ್ಗೆ ಮಾತಾಡಿ ಮುಗಿಸಿದರೆ ಅರ್ಧ ಊರಿಗೆ ಅದು ತಲುಪುವುದೇ ಇಲ್ಲ.

ಕವಳದಿಂದಲೇ ಹೀಗಾಯಿತು ಅಂತ ವೈದ್ಯೆ ಬೆರಳು ತೋರಿಸಲಿಲ್ಲ. ಮೂಳೆ ಕೊರೆದು ತೆಗೆದ ಹಲ್ಲಿಗೆ, ಮೊದಲೇ ಕೀವಾಗಿದ್ದ ಜಾಗಕ್ಕೆ ಈ ತೊಂದರೆ ಬರುವುದು ಹೆಚ್ಚು. ಗರ್ಭನಿರೋಧಕ ಮಾತ್ರೆ ತಗೊಳ್ಳುವ ಹೆಂಗಸರಿಗೂ ಹೆಚ್ಚು. ಎಲ್ಲ ಪಥ್ಯ ಮಾಡಿದವರಿಗೂ ಬರುತ್ತದೆ. ಆದರೆ ತಂಬಾಕು, ಸುಣ್ಣ, ಚೀಪುವುದು, ಉಗುಳುವುದು, ಇವೆಲ್ಲ ಒಂದೇ ಸಲ ಮೂರನೇ ದಿನದ ಗಾಯಕ್ಕೆ ತಾಗಿದರೆ ಒಳ್ಳೆಯದಂತೂ ಆಗುವುದಿಲ್ಲ ಅಂದರು. ಅವನ ಕೆನ್ನೆಯ ಒಳಭಾಗವನ್ನೂ ಬೆರಳಿಂದ ಒತ್ತಿ ನೋಡಿದರು. ವರ್ಷಗಟ್ಟಲೆ ಅಡಿಕೆ ಜಗಿದರೆ ಅಲ್ಲಿನ ಚರ್ಮ ನಾರಾಗಿ ಬಾಯಿ ಶಾಶ್ವತವಾಗಿ ಬಿಗಿಯಬಹುದು, ಕ್ಯಾನ್ಸರಿಗೂ ದಾರಿಯಾಗಬಹುದು. ಅವನಿಗೆ ಸದ್ಯ ಹಾಗೇನಿಲ್ಲ ಅಂದರು. ಅಡಿಕೆಯಿಂದ ಬದುಕುವ ಜಿಲ್ಲೆಯಲ್ಲಿ ಇದನ್ನು ಬರೆಯುವುದು ನನಗೆ ಸುಲಭವಲ್ಲ. ಆದರೂ ಬರೆಯುತ್ತೇನೆ.

ಚಿಕಿತ್ಸೆ ಹತ್ತು ನಿಮಿಷದ್ದು. ಉಪ್ಪುನೀರಿನ ಸಲೈನ್‌ನಿಂದ ಗುಳಿ ತೊಳೆದರು. ಕೆರೆಯಲಿಲ್ಲ. ಔಷಧಿಯಲ್ಲಿ ಅದ್ದಿದ ಪಟ್ಟಿಯನ್ನು ಗುಳಿಯೊಳಗೆ ಮೆಲ್ಲಗೆ ತುಂಬಿದರು. ಕೋಣೆ ತುಂಬಾ ಲವಂಗದ ವಾಸನೆ. ಕಾರವಾರ ಬಸ್‌ಸ್ಟ್ಯಾಂಡ್ ತಲುಪುವ ಹೊತ್ತಿಗೆ ಅಂಕ 8ರಿಂದ 3ಕ್ಕೆ ಇಳಿದಿತ್ತು. ಬಸ್ಸಿನಲ್ಲಿ ಅವನು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದ. ರಾತ್ರಿಯೆಲ್ಲ ಮಾತ್ರೆ ಮಾಡದ ಕೆಲಸವನ್ನು ಒಂದು ಪಟ್ಟಿ ಅರ್ಧ ಗಂಟೆಯಲ್ಲಿ ಮಾಡಿತು. ಡ್ರೈ ಸಾಕೆಟ್‌ನ ನೋವಿಗೆ ಮೂಳೆ ಮುಚ್ಚುವುದೇ ಮದ್ದು. ಹೊಸ ಆಂಟಿಬಯಾಟಿಕ್ ಏನೂ ಬರೆಯಲಿಲ್ಲ. ಇದು ಕೀವಿನ ಕಾಯಿಲೆ ಅಲ್ಲ.

ಮನೆಗೆ ಬಂದು ಲವಂಗದ ವಿಷಯ ಹೇಳಿದಾಗ ಆಯಿ 'ಮೊದಲೇ ಲವಂಗ ಇಡು ಅಂದಿದ್ದೆ ಅಲ್ವಾ' ಅಂದರು. ಅವರ ಮಾತಿನಲ್ಲಿ ಸತ್ಯ ಇದೆ. ಲವಂಗದ ಎಣ್ಣೆಯಲ್ಲಿರುವ ಯೂಜೆನಾಲ್ ನೋವು ಮರಗಟ್ಟಿಸುತ್ತದೆ. ಆ ಪಟ್ಟಿಯಲ್ಲಿದ್ದದ್ದೂ ಅದೇ. ಆದರೆ ವೈದ್ಯರು ತೊಳೆದ ಗುಳಿಗೆ ಅಳತೆಯಲ್ಲಿ ಇಡುತ್ತಾರೆ. ಬರಿ ಎಣ್ಣೆಯನ್ನು ನಾವೇ ಹತ್ತಿಯಲ್ಲಿ ಅದ್ದಿ ಹಸಿಗಾಯಕ್ಕೆ ತುರುಕಿದರೆ ವಸಡು ಸುಡುತ್ತದೆ, ಹತ್ತಿಯ ಎಳೆ ಒಳಗೇ ಉಳಿದು ಕೊಳೆಯುತ್ತದೆ. ಆಸ್ಪಿರಿನ್ ಪುಡಿ ಮಾಡಿ ಹಲ್ಲಿನ ಬುಡಕ್ಕೆ ಇಡುವುದೂ ಹೀಗೆಯೇ. ಅಂಥ ಬಿಳಿ ಸುಟ್ಟಗಾಯ ತೋರಿಸಿದವರು ನನ್ನ ಅಂಗಡಿಗೂ ಬಂದಿದ್ದಾರೆ.

ಮಂಗಳವಾರ ಪಟ್ಟಿ ಬದಲಿಸಿದರು. ಗುರುವಾರ ಇನ್ನೊಮ್ಮೆ ಬದಲಿಸಿ ಹೊಲಿಗೆಯನ್ನೂ ತೆಗೆದರು. ಶುಕ್ರವಾರದಿಂದ ಮಾತ್ರೆ ದಿನಕ್ಕೆ ಒಂದೇ ಸಾಕಾಯಿತು, ಭಾನುವಾರ ಅದೂ ಬೇಡವಾಯಿತು. ಬಾಯಿ ತೆರೆಯುವುದನ್ನು ಬೆರಳಲ್ಲಿ ಅಳೆಯುತ್ತಿದ್ದೆವು. ಮೂರು ಬೆರಳು ಒಂದರ ಮೇಲೊಂದು ಹೋದರೆ ಸರಿ. ಹತ್ತನೇ ದಿನ ಎರಡು, ಮೂರನೇ ವಾರಕ್ಕೆ ಮೂರು. ಗುಳಿ ಇನ್ನೂ ಕೆಲವು ವಾರ ಹಾಗೇ ಇತ್ತು, ಊಟವಾದ ಮೇಲೆ ಅನ್ನದ ಅಗುಳು ಸಿಕ್ಕಿಕೊಳ್ಳುತ್ತಿತ್ತು. ಸೂಜಿ ತೆಗೆದ ಸಿರಿಂಜಿನಲ್ಲಿ ಉಪ್ಪುನೀರು ಹಾಯಿಸಿ ತೊಳೆಯಲು ವೈದ್ಯೆ ಕಲಿಸಿಕೊಟ್ಟರು. ಒಳಗಿನ ಮೂಳೆ ತುಂಬಲು ತಿಂಗಳುಗಳೇ ಬೇಕು, ಅದು ನೋವಿಲ್ಲದೆ ನಡೆಯುವ ಕೆಲಸ.

ಬಲೆ ಹೆಣೆಯುವವರು ನೈಲಾನ್ ದಾರವನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಾರೆ. ಅದನ್ನು ನಿಲ್ಲಿಸು ಅಂತ ಹೇಳಿ ಸಣ್ಣ ಚೂರಿ ಕೊಡಿಸಿದೆ. ಕೈ ಪದೇಪದೇ ಬಾಯಿಗೇ ಹೋಗುತ್ತಿತ್ತು. ಕವಳವನ್ನು ಒಂದು ತಿಂಗಳು ಬಿಟ್ಟ. ಈಗ ತಂಬಾಕು ಇಲ್ಲದೆ ಅಪರೂಪಕ್ಕೆ ಹಾಕುತ್ತಾನೆ. ಅದೂ ಬೇಡ ಅಂತ ನಾನು ಹೇಳುತ್ತಲೇ ಇದ್ದೇನೆ.

ಈ ಪ್ರಕರಣ ಆದ ಮೇಲೆ ಹಲ್ಲು ತೆಗೆಸಿಕೊಂಡು ಬರುವವರಿಗೆ ಮಾತ್ರೆ ಕೊಡುವಾಗ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಎಷ್ಟನೇ ದಿನ? ನೋವು ನಿನ್ನೆಗಿಂತ ಕಡಿಮೆಯಾ ಜಾಸ್ತಿಯಾ? ಜ್ವರ, ಕೀವು, ನುಂಗಲು ಕಷ್ಟ ಏನಾದರೂ ಇದೆಯಾ? ಇಳಿಯುತ್ತಿದ್ದ ನೋವು ಮೂರನೇ ನಾಲ್ಕನೇ ದಿನ ತಿರುಗಿ ಏರಿದರೆ ಮಾತ್ರೆ ಬದಲಿಸುವುದಿಲ್ಲ, ವೈದ್ಯರಿಗೆ ನಾನೇ ಫೋನ್ ಹಚ್ಚಿಕೊಡುತ್ತೇನೆ. ಜ್ವರದ ಜೊತೆ ಊತ ಕುತ್ತಿಗೆಗೆ ಇಳಿಯುತ್ತಿದ್ದರೆ, ನುಂಗಲು ಉಸಿರಾಡಲು ಕಷ್ಟವಾದರೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಅದು ಡ್ರೈ ಸಾಕೆಟ್ ಅಲ್ಲ, ಜೀವಕ್ಕೇ ಕುತ್ತು ತರುವ ಸೋಂಕು ಆಗಿರಬಹುದು. ಇನ್ನು ತುಟಿ, ಗಲ್ಲ ಮರುದಿನವೂ ಜೋಮು ಹಿಡಿದೇ ಇದ್ದರೆ ಅದನ್ನೂ ಹೇಳಬೇಕು. ಕೆಳಗಿನ ದವಡೆಯ ನರ ಆ ಹಲ್ಲಿನ ಬೇರಿಗೆ ಹತ್ತಿರವೇ ಹೋಗುತ್ತದೆ.

ಜುಲೈ ಕೊನೆಯ ವಾರ ತಮ್ಮ ಕೊನೆಯ ಸಲ ತೋರಿಸಲು ಹೋದಾಗ ಬಲಗಡೆಯ ಬುದ್ಧಿಹಲ್ಲನ್ನೂ ಈಗಲೇ ತೆಗೆದುಬಿಡಿ, ಮತ್ತೆ ಬೋಟು ಹತ್ತಬೇಕು ಅಂತ ಕೇಳಿದ. ಅದು ನೆಟ್ಟಗೆ ಬಂದಿದೆ, ಬ್ರಷ್ ತಲುಪುತ್ತದೆ, ತೊಂದರೆ ಕೊಡದ ಹಲ್ಲನ್ನು ಸುಮ್ನೆ ತೆಗೆಯುವುದಿಲ್ಲ ಅಂದರು. ಬ್ರಿಟನ್ನಿನಲ್ಲಿ 2000ದಿಂದ ಇದೇ ಸಲಹೆ ಜಾರಿಯಲ್ಲಿದೆ. ಹೊರಡುವಾಗ ಅವರ ಮೇಜಿನ ಮೇಲೆ ಅದೇ ಅಚ್ಚಾದ ಹಾಳೆಗಳ ಕಟ್ಟು ಇತ್ತು. ಮೇಲಿನ ಹಾಳೆಯಲ್ಲಿ ಧೂಮಪಾನ ಅನ್ನುವ ಪದದ ಪಕ್ಕ ನೀಲಿ ಪೆನ್ನಿನಲ್ಲಿ ಬರೆದಿತ್ತು: ಕವಳ, ಗುಟ್ಕಾ, ತಂಬಾಕು, ಬಲಗಡೆ ಹಾಕಿದರೂ ಬೇಡ.